ಬೊಂಡದ ಗೊನೆ ಮತ್ತು ಅಳಿಯನ ಲೆಕ್ಕ

ಕಾಪುವಿನ ನಮ್ಮ ಮನೆಯಲ್ಲಿ ಮೊನ್ನೆ ಪೂಜೆ ಇತ್ತು. ಅಂಗಳದ ಎರಡು ಕಂಬಗಳ ನಡುವೆ ಬಿದಿರಿನ ಗಳ ಕಟ್ಟಿ, ಅದಕ್ಕೆ ಒಂದು ಬಾಳೆಗೊನೆ, ಎರಡು ಬೊಂಡದ (ಎಳನೀರಿನ) ಗೊನೆ ನೇತು ಹಾಕಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ತುಳಸಿಕಟ್ಟೆ ಕಡೆಯ ಹಗ್ಗ ಗೇಣುದ್ದ ಕೆಳಗೆ ಜಾರಿದೆ, ಬಾವಿ ಕಡೆಯದು ಮಾತ್ರ ಕಟ್ಟಿದ ಹಾಗೇ ಇದೆ. ಕಟ್ಟಿದ್ದು ನಾನೇ, ಬೈಗುಳವೂ ನನಗೇ.

ಅಕ್ಕನ ಮಗ ಇಂಜಿನಿಯರಿಂಗ್ ಮೊದಲ ವರ್ಷ. "ಮಾವ, ಇದು ಪ್ಯಾರಲಲ್ ಫೋರ್ಸ್, ಅಂದರೆ ಸಮಾಂತರ ಬಲಗಳ ಲೆಕ್ಕ" ಅಂತ ಟೇಪು ಹಿಡಿದು ಬಂದ. ಕಂಬದಿಂದ ಕಂಬಕ್ಕೆ 4 ಮೀಟರ್. ಬಾವಿ ಕಡೆಯಿಂದ ಅಳೆದರೆ 1 ಮೀಟರಿನಲ್ಲಿ 10 ಕೆಜಿ ಬಾಳೆಗೊನೆ, 2.5 ಮೀಟರಿನಲ್ಲಿ 20 ಕೆಜಿ ಬೊಂಡ, 3.5 ಮೀಟರಿನಲ್ಲಿ ಇನ್ನೊಂದು 20 ಕೆಜಿ. ಗಳದ ತೂಕ ಸದ್ಯಕ್ಕೆ ಬಿಟ್ಟೆವು. ಎಲ್ಲ ಭಾರವೂ ನೇರ ಕೆಳಕ್ಕೆ, ಹಾಗಾಗಿ ಕೂಡಿಸಿದರೆ ಆಯ್ತು, ಫಲಿತ ಬಲ (ಎಲ್ಲದರ ಬದಲಿಗೆ ಇಡಬಹುದಾದ ಒಂದೇ ಬಲ) 50 ಕೆಜಿ ತೂಕ. ನ್ಯೂಟನ್‌ನಲ್ಲಿ ಬೇಕಿದ್ದರೆ 9.81ರಿಂದ ಗುಣಿಸಿ, ಜಾಗವೇನೂ ಬದಲಾಗುವುದಿಲ್ಲ.

ಆ 50 ಕೆಜಿ ಎಲ್ಲಿ ಕೂತಿದೆ ಅನ್ನುವುದೇ ಪ್ರಶ್ನೆ. ಅಳಿಯ ಮೂರೂ ದೂರ ಕೂಡಿಸಿ ಮೂರರಿಂದ ಭಾಗಿಸಿ 2.33 ಮೀಟರ್ ಅಂದ. "ಅಲ್ಲ ಮಾರಾಯ, ಹತ್ತು ಕೆಜಿಗೂ ಇಪ್ಪತ್ತು ಕೆಜಿಗೂ ಒಂದೇ ಮರ್ಯಾದೆಯಾ?" ಅಂದೆ. ನಾನೂ ಓದುವಾಗ ಇದೇ ತಪ್ಪು ಮಾಡಿ ಮಾರ್ಕು ಕಳೆದುಕೊಂಡವನೇ. ಪ್ರತಿ ಭಾರವನ್ನೂ ಅದರ ದೂರದಿಂದ ಗುಣಿಸಬೇಕು, ಅದೇ ಮೊಮೆಂಟ್. 10, 50, 70, ಒಟ್ಟು 130. ಇದನ್ನು 50ರಿಂದ ಭಾಗಿಸಿದರೆ 2.6 ಮೀಟರ್. ಬಿಡಿ ಬಲಗಳ ಮೊಮೆಂಟ್ ಕೂಡಿಸಿದರೂ ಫಲಿತ ಬಲದ ಮೊಮೆಂಟ್ ತೆಗೆದರೂ ಒಂದೇ ಬರಬೇಕು, ಪುಸ್ತಕದಲ್ಲಿ ಇದು ವರಿನ್ಯೋನ್ ಪ್ರಮೇಯ. ಯಾವುದಾದರೂ ಬಲ ಮೇಲ್ಮುಖವಾಗಿದ್ದರೆ ಅದಕ್ಕೆ ಮೈನಸ್ ಹಾಕಿ, ಅಷ್ಟೇ.

ತುಳಸಿಕಟ್ಟೆ ಕಡೆಯ ಹಗ್ಗ ಬಾವಿ ಕಡೆಯಿಂದ 4 ಮೀಟರ್ ದೂರದಲ್ಲಿದ್ದು ಈ 130ನ್ನು ಸರಿದೂಗಿಸಬೇಕು, ಹಾಗಾಗಿ ಅದೇ 130ನ್ನು 4ರಿಂದ ಭಾಗಿಸಿದರೆ ತುಳಸಿಕಟ್ಟೆ ಕಡೆಯ ಹಗ್ಗಕ್ಕೆ 32.5 ಕೆಜಿ. ಉಳಿದ 17.5 ಬಾವಿ ಕಡೆಗೆ. ಹೆಚ್ಚುಕಮ್ಮಿ ಎರಡು ಪಟ್ಟು, ಜಾರದೆ ಇನ್ನೇನು ಮಾಡೀತು?

ಕೊನೆಯ ಬೊಂಡದ ಗೊನೆಯನ್ನು 3.5ರಿಂದ 2 ಮೀಟರಿಗೆ ತಂದರೆ ಮೊಮೆಂಟ್ 100 ಆಗುತ್ತದೆ, ಫಲಿತ ಬಲ ಸರಿಯಾಗಿ ನಡುವಿಗೆ ಬರುತ್ತದೆ, ಎರಡೂ ಹಗ್ಗಕ್ಕೆ 25 ಕೆಜಿ. ಅಳಿಯ ಖುಷಿಯಲ್ಲಿ ಹಾಗೇ ಮಾಡಿದ. ಮಾಡಿದ್ದೇ ತಡ, ಗಳ ನಡುವೆ ಮೊದಲಿಗಿಂತ ಜಾಸ್ತಿ ಬಗ್ಗಿತು!

ಇಲ್ಲೇ ತುಂಬ ಜನ ಎಡವುವುದು. ಮೂರು ಗೊನೆಗಳ ಬದಲು ಫಲಿತ ಬಲವೊಂದನ್ನೇ ಇಟ್ಟರೆ ತುದಿಯ ಹಗ್ಗಗಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಗಳಕ್ಕೆ ಗೊತ್ತಾಗುತ್ತದೆ. ನಮ್ಮ ಮೊದಲ ಜೋಡಣೆಯಲ್ಲಿ ಬಾಗಿಸುವ ಮೊಮೆಂಟ್ (ಗಳದ ಒಂದು ಜಾಗದಲ್ಲಿ ಅದನ್ನು ಬಗ್ಗಿಸಲು ನೋಡುವ ಮೊಮೆಂಟ್) ಅತಿ ಹೆಚ್ಚೆಂದರೆ 28.75 ಕೆಜಿ-ಮೀಟರ್ ಇತ್ತು. ಅದೇ 50 ಕೆಜಿಯನ್ನು 2.6 ಮೀಟರಿನಲ್ಲಿ ಒಂದೇ ಕಡೆ ನೇತು ಹಾಕಿದ್ದರೆ 45.5 ಆಗುತ್ತಿತ್ತು. ಈಗ ಗೊನೆ ಸರಿಸಿದ ಮೇಲೆ 40. ಆಸರೆಯ, ಇಲ್ಲಿ ಹಗ್ಗದ, ಭಾರ ತಿಳಿಯಲು ಫಲಿತ ಬಲ ಸಾಕು, ಗಳ ಎಷ್ಟು ಬಾಗುತ್ತದೆ ಅಂತ ನೋಡಲು ಒಂದೊಂದು ಭಾರವನ್ನೂ ಅದರದರ ಜಾಗದಲ್ಲೇ ಇಡಬೇಕು.

ಇಷ್ಟೆಲ್ಲ ಅಂಗಳದಲ್ಲಿ ಕಡ್ಡಿಯಿಂದ ಗೀಚಿ ವಿವರಿಸುವಷ್ಟರಲ್ಲಿ ಅಮ್ಮ ಗೊನೆಯನ್ನು ಹಳೇ ಜಾಗಕ್ಕೇ ಕಟ್ಟಿಸಿ, ತುಳಸಿಕಟ್ಟೆ ಕಡೆ ಇನ್ನೊಂದು ಹಗ್ಗ ಸುತ್ತಿಸಿದ್ದರು.