ಲೈನ್ ಮನೆಗಳಿಗೆ ತಲುಪದ ಮಾತು

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಕೋವಿಡ್ ಲಾಕ್‌ಡೌನ್ ಘೋಷಿಸಿದಾಗ ಜನರಿಗೆ ಉಳಿದಿದ್ದು ನಾಲ್ಕೇ ಗಂಟೆ. ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಯರವ, ಜೇನುಕುರುಬ, ತಮಿಳು ನುಡಿಗಳನ್ನಾಡುವ ಕಾರ್ಮಿಕರಲ್ಲಿ ಹಲವರಿಗೆ ಹಿಂದಿಯ ಭಾಷಣವಾಗಲಿ, ಆರೋಗ್ಯ ಇಲಾಖೆಯ ದೈನಂದಿನ ಬುಲೆಟಿನ್ನಿನ ಅಂಕಿಗಳಾಗಲಿ ಅರ್ಥವಾಗುವಂತಿರಲಿಲ್ಲ. ನಮ್ಮ ಊರಿನಲ್ಲಿ ನಂಬಿಕೆ ಹುಟ್ಟಿಸಿದ್ದು, ಮಳೆಯಲ್ಲಿ ನೆನೆಯುತ್ತಾ ಮನೆಮನೆಗೆ ಬಂದು, ‘ಜ್ವರ ಬಂದರೆ ಮುಚ್ಚಿಡಬೇಡಿ, ನನಗೆ ಹೇಳಿ’ ಎಂದ ಆಶಾ ಕಾರ್ಯಕರ್ತೆಯ ಮಾತು. ಆ ನಂಬಿಕೆಯನ್ನು ಕೆಡಿಸಿದ್ದು ಸೋಂಕಿತರ ಬಾಗಿಲಿಗೆ ಅಂಟಿಸಿದ ನೋಟಿಸು. ಕಾಯಿಲೆಗಿಂತ ಅವಮಾನಕ್ಕೆ ಹೆದರಿದವರು ಜ್ವರವನ್ನೇ ಮುಚ್ಚಿಟ್ಟರು. ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಅಂಥ ಭಿತ್ತಿಪತ್ರ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ನೆರೆಮನೆಯವರು ಬಾವಿಯಿಂದ ನೀರು ಸೇದಲು ಕತ್ತಲಾಗುವುದನ್ನು ಕಾಯುವಂತಾಗಿತ್ತು.