ಆರ್.ಎ. ಕಡತದಲ್ಲಿ ಎಡವುವ ಜಾಗಗಳು

ಸಿವಿಲ್ ನ್ಯಾಯಾಧೀಶರಾಗಿ ದಾವೆಗಳನ್ನೇ ನಡೆಸಿ, ಬಡ್ತಿಯ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರಾದವರ ಮುಂದೆ ಮೊದಲ ಬಾರಿಗೆ ಆರ್.ಎ. (ರೆಗ್ಯುಲರ್ ಅಪೀಲ್, ಅಂದರೆ ದಾವೆಯ ತೀರ್ಪಿನ ಮೇಲಿನ ಮೊದಲ ಮೇಲ್ಮನವಿ) ಕಡತ ಬರುತ್ತದೆ. ಇಲ್ಲಿ ಮರೆಯಬಾರದ್ದು ಒಂದು: ಸಾಕ್ಷ್ಯವನ್ನು ಪೂರ್ತಿ ತೂಗಿ ನೋಡುವ ಕೊನೆಯ ಹಂತ ಸಾಮಾನ್ಯವಾಗಿ ಇದೇ. ಮೇಲೆ ಆರ್‌ಎಸ್‌ಎ (ಎರಡನೇ ಮೇಲ್ಮನವಿ) ಹೋದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 100ರ ಪ್ರಕಾರ ಹೈಕೋರ್ಟ್ ನೋಡುವುದು ಮಹತ್ವದ ಕಾನೂನು ಪ್ರಶ್ನೆಯನ್ನು ಮಾತ್ರ.

ಮೇಲ್ಮನವಿಯ ತೀರ್ಪಿನಲ್ಲಿ ಸಿಪಿಸಿಯ ಆದೇಶ 41 ನಿಯಮ 31 ಕೇಳುವುದು ನಿರ್ಣಯಾಂಶ (ತೀರ್ಮಾನಿಸಬೇಕಾದ ಪ್ರಶ್ನೆ), ಅದರ ಮೇಲಿನ ತೀರ್ಮಾನ, ಕಾರಣ ಮತ್ತು ಡಿಕ್ರಿ ಬದಲಾದರೆ ಸಿಗುವ ಪರಿಹಾರ. ‘ಕೆಳಗಿನ ತೀರ್ಪಿನಲ್ಲಿ ಹಸ್ತಕ್ಷೇಪ ಬೇಕೇ?’ ಎಂಬ ಒಂದೇ ಅಂಶ ಬರೆದು ಮುಗಿಸುವುದು ಸೋಮಾರಿತನ. ಪಾಲಿನ ದಾವೆ ಎಂದಿಟ್ಟುಕೊಳ್ಳಿ, ಅಣ್ಣ ‘ನಿವೇಶನ ನನ್ನ ಸ್ವಯಾರ್ಜಿತ’ ಎನ್ನುತ್ತಾನೆ. ಕುಟುಂಬ ಒಟ್ಟಾಗಿದ್ದ ಮಾತ್ರಕ್ಕೆ ಆಸ್ತಿ ಒಟ್ಟಿನದಾಗದು. ನಿವೇಶನ ಕೊಳ್ಳುವಷ್ಟು ಉತ್ಪನ್ನ ಕೊಡುವ ಮೂಲ ಆಸ್ತಿ ಕುಟುಂಬಕ್ಕಿತ್ತೆಂದು ವಾದಿ ತೋರಿಸಬೇಕು. ತೋರಿಸಿದ ಮೇಲೆ ಸ್ವಯಾರ್ಜಿತವೆಂದು ಸಾಬೀತುಪಡಿಸುವ ಹೊರೆ ಅಣ್ಣನದು. ಇವೆರಡೂ ಬೇರೆ ಬೇರೆ ನಿರ್ಣಯಾಂಶಗಳು. ಖಾತೆಯಲ್ಲಿ ಅಣ್ಣನ ಹೆಸರಿದೆ ಎಂಬಲ್ಲಿಗೇ ನಿಲ್ಲಬೇಡಿ, ಖಾತೆ ಹಕ್ಕು ಕೊಡುವುದಿಲ್ಲ.

ತೀರ್ಪು ಎತ್ತಿಹಿಡಿಯುವಾಗ ಒಪ್ಪಿಗೆ ಚಿಕ್ಕದಾಗಿದ್ದರೂ ನಡೆದೀತು. ಕೆಳಗಿನ ತೀರ್ಪನ್ನು ತಿರುಗಿಸುವಾಗ ಮಾತ್ರ ಆ ನ್ಯಾಯಾಧೀಶರು ಕೊಟ್ಟ ಒಂದೊಂದು ಕಾರಣವನ್ನೂ ಎದುರಿಟ್ಟು ಉತ್ತರಿಸಬೇಕು. ಸಂತೋಷ್ ಹಜಾರಿ (2001) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಪಾಟಿ ಸವಾಲನ್ನು ಮೂಲ ಕಡತದಲ್ಲೇ ಓದಿ, ತೀರ್ಪಿನಲ್ಲಿ ಉದ್ಧರಿಸಿದ ತುಣುಕನ್ನು ನಂಬಬೇಡಿ.

ಹೊಸ ದಾಖಲೆಗೆಂದು ಆದೇಶ 41 ನಿಯಮ 27ರ ಅರ್ಜಿ ಬಂದಿದ್ದರೆ ಅದನ್ನು ಅಂತಿಮ ವಾದದ ಜೊತೆಗೇ ಕೇಳಿ, ಅದಕ್ಕೂ ಒಂದು ನಿರ್ಣಯಾಂಶ ಇಡಿ. ಅರ್ಜಿ ಕಡತದಲ್ಲೇ ಉಳಿದು ತೀರ್ಪು ಹೊರಬಿದ್ದರೆ ಆರ್‌ಎಸ್‌ಎಯಲ್ಲಿ ವಕೀಲರು ಮೊದಲು ಹಿಡಿಯುವುದು ಅದನ್ನೇ.

ವಾದಕ್ಕೆ ಮುನ್ನ ಕಕ್ಷಿದಾರರು ಬದುಕಿದ್ದಾರೆಯೇ ಎಂದು ಎರಡೂ ಕಡೆಯ ವಕೀಲರನ್ನು ಕೇಳಿ. ಯಾರಾದರೂ ಸತ್ತಿದ್ದರೆ ವಾರಸುದಾರರನ್ನು ಸೇರಿಸಲು 90 ದಿನ, ತಪ್ಪಿದರೆ ಉಪಶಮನ (ಸತ್ತವರ ಮಟ್ಟಿಗೆ ಮೇಲ್ಮನವಿ ತಾನಾಗಿ ಕೊನೆಗೊಳ್ಳುವುದು) ರದ್ದತಿಗೆ ಇನ್ನು 60 ದಿನ. (ವಾದ ಮುಗಿದ ಮೇಲೆ ಸತ್ತರೆ ತೊಂದರೆಯಿಲ್ಲ, ಆದೇಶ 22 ನಿಯಮ 6 ಇದೆ.)

ರಿಮಾಂಡ್ (ದಾವೆಯನ್ನು ಮರುವಿಚಾರಣೆಗೆ ಕೆಳಗಿನ ನ್ಯಾಯಾಲಯಕ್ಕೆ ವಾಪಸ್ ಕಳಿಸುವುದು) ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಸಾಕ್ಷ್ಯ ಸಾಕಷ್ಟಿದ್ದರೆ ಆದೇಶ 41 ನಿಯಮ 24ರಡಿ ನೀವೇ ತೀರ್ಮಾನಿಸಿ. ಒಂದು ವಿವಾದಾಂಶವಷ್ಟೇ ಬಿಟ್ಟುಹೋಗಿದ್ದರೆ ನಿಯಮ 25ರಡಿ ಅದನ್ನಷ್ಟೇ ಕೆಳಗೆ ಕಳಿಸಿ, ಮೇಲ್ಮನವಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಕೊನೆಗೆ ಆದೇಶದ ಭಾಗ. ‘ಭಾಗಶಃ ಪುರಸ್ಕರಿಸಲಾಗಿದೆ’ ಎಂದಷ್ಟೇ ಬರೆದರೆ ಎಫ್‌ಡಿಪಿಯಲ್ಲಿ (ಪಾಲು ಅಳೆದು ಹಂಚುವ ಅಂತಿಮ ಡಿಕ್ರಿ ಪ್ರಕ್ರಿಯೆಯಲ್ಲಿ) ಯಾರಿಗೆ ಎಷ್ಟು ಪಾಲು ಎಂಬ ಜಗಳ ಮತ್ತೆ ಶುರು. ಯಾವ ಸರ್ವೆ ನಂಬರಿನಲ್ಲಿ ಯಾರಿಗೆ 1/3, ಯಾವುದು ಪಾಲಿನಿಂದ ಹೊರಗೆ, ಎಲ್ಲವನ್ನೂ ಬಿಡಿಸಿ ಬರೆಯಿರಿ.