ಮೂರು ಡೈರಿ, ಒಂದು ಮೇವಿನ ಲೆಕ್ಕ: ನಾಲ್ಕನೇ ತಿಂಗಳ ಟಿಪ್ಪಣಿ

ಕೋಲಾರ ತಾಲ್ಲೂಕಿನ ನಮ್ಮ ಮೂರು ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳು ಸೇರಿ ರಸಮೇವು (ಹಸಿಮೇವನ್ನು ಹೆಚ್ಚಿ, ಗಾಳಿಯಾಡದಂತೆ ತುಂಬಿಟ್ಟು ಹುಳಿ ಬರಿಸಿದ ಮೇವು, ಅಂದರೆ ಸೈಲೇಜ್) ತಯಾರಿಸಲು ಹೊರಟು ನಾಲ್ಕು ತಿಂಗಳಾಯಿತು. ಮೊದಲ ಸಭೆಯಲ್ಲಿ ಎಲ್ಲರ ಬಾಯಲ್ಲೂ ಪನೀರು, ಖೋವಾ ಘಟಕದ ಮಾತೇ ಇತ್ತು. ಆದರೆ ಹಾಲಿನ ಸಂಗ್ರಹಣೆ, ಮಾರಾಟಗಳನ್ನು ಹಳ್ಳಿಯ ಸಂಘ, ಜಿಲ್ಲಾ ಮಟ್ಟದ ಒಕ್ಕೂಟ, ರಾಜ್ಯದ ಮಹಾಮಂಡಳಿ ಎಂಬ ಮೂರು ಹಂತದ ವ್ಯವಸ್ಥೆಯೇ ನೋಡಿಕೊಳ್ಳುತ್ತಿರುವಾಗ, ನಾವು ಕೈಹಾಕಬೇಕಾದದ್ದು ಮೇವಿಗೆ ಎಂಬುದು ಎರಡನೇ ಸಭೆಯ ಹೊತ್ತಿಗೆ ಸ್ಪಷ್ಟವಾಯಿತು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದ್ದು, ಕೆರೆಯಂಚಿನ ನಮ್ಮ ಒಂದು ಹಳ್ಳಿಯ ಕೊಳವೆಬಾವಿಗಳಲ್ಲಿ ನೀರಿದೆ. ಅಲ್ಲಿ ಟೊಮೆಟೊ ಹೆಚ್ಚು, ಹಸು ಕಡಿಮೆ. ಉಳಿದೆರಡು ಹಳ್ಳಿಗಳಲ್ಲಿ ಹಸುಗಳಿವೆ, ಆದರೆ ಬೇಸಿಗೆಗೆ ರಾಗಿ ಹುಲ್ಲಿನ ಬಣವೆಯೊಂದೇ ಗತಿ. ನೀರಿದ್ದವರು ಮುಸುಕಿನ ಜೋಳ ಬೆಳೆಯಲು ಒಪ್ಪಿದರಾದರೂ ಹಣ ಕೈಗೆ ಯಾವಾಗ ಎಂದು ಕೇಳಿದರು. ಸಂಘವೇ ಬೆಳೆಗಾರರಿಗೆ ಪಾವತಿಸಿ, ಮೇವು ಪಡೆದವರ ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುವುದೆಂದು ಸೂಚಿಸಿದಾಗ ಒಬ್ಬ ಕಾರ್ಯದರ್ಶಿ, "ಒಂದೇ ಸಲಕ್ಕೆ ಹಿಡಿದರೆ ಹೆಂಗಸರು ನನ್ನನ್ನು ಡೈರಿಯೊಳಗೆ ಕೂರೋಕೆ ಬಿಡ್ತಾರಾ ಸ್ವಾಮಿ?" ಎಂದರು. ಮನೆಯ ಸಂತೆ ಖರ್ಚು ನಡೆಯುವುದೇ ಆ ದುಡ್ಡಿನಲ್ಲಾದ್ದರಿಂದ ಅವರ ಮಾತು ಸರಿಯಾಗಿತ್ತು. ಮೂರು ಬಟವಾಡೆಗಳಲ್ಲಿ ಹಂಚಿ ಹಿಡಿಯುವುದೆಂದು ತೀರ್ಮಾನವಾಯಿತು.

ಮೊದಲ ಕಟಾವಿನಲ್ಲಿ ತಪ್ಪು ನನ್ನದೇ. ಕಾಳು ಹಾಲುದುಂಬಿ ಗಟ್ಟಿಯಾಗತೊಡಗುವವರೆಗೆ ಕಾಯಬೇಕಿತ್ತು. ಕತ್ತರಿಸುವ ಯಂತ್ರ ಬಾಡಿಗೆಗೆ ಸಿಕ್ಕಿತೆಂದು ಆತುರಪಟ್ಟೆ. ಹೆಚ್ಚಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು, ಕೈ ಬಿಟ್ಟಾಗ ಉಂಡೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ನನ್ನ ಕೈಯಿಂದ ನೀರು ಧಾರೆಯಾಗಿಯೇ ಇಳಿಯಿತು. ಆದರೂ ಚೀಲಗಳಿಗೆ ತುಂಬಿಸಿದೆವು. 45 ದಿನಗಳ ನಂತರ ಬಿಚ್ಚಿದ 40 ಚೀಲಗಳಲ್ಲಿ ಒಂಬತ್ತು ಹಳಸಿದ ವಾಸನೆ ಬೀರುತ್ತಿದ್ದವು, ಇಲಿ ಕಡಿದ ಎರಡಕ್ಕೆ ಬೂಷ್ಟು ಹಿಡಿದಿತ್ತು. ಉಳಿದವು ಹೊಂಬಣ್ಣಕ್ಕೆ ತಿರುಗಿ ಹದವಾದ ಹುಳಿ ಪರಿಮಳ ಬೀರುತ್ತಿದ್ದುದರಿಂದ, ಮೊದಲೆರಡು ದಿನ ಮೂಸಿ ಮುಖ ತಿರುಗಿಸಿದ ಹಸುಗಳೂ ಮೂರನೆಯ ದಿನ ಗೋದಲಿಯನ್ನು ನೆಕ್ಕಿ ಬರಿದು ಮಾಡಿದವು. ಕೆಟ್ಟ ಚೀಲಗಳ ನಷ್ಟವನ್ನು ಮೂರು ಸಂಘಗಳೂ ಸಮನಾಗಿ ಹೊತ್ತವು. ಒಟ್ಟಾಗಿ ಮಾಡಿದ ಒಪ್ಪಂದಕ್ಕೆ ಅದೇ ಮೊದಲ ಪರೀಕ್ಷೆಯಾಗಿತ್ತು.

ಹಾಲಿನ ದರ ಜಿಡ್ಡು ಮತ್ತು ಜಿಡ್ಡೇತರ ಘನಾಂಶದ (ನೀರು, ಜಿಡ್ಡು ಬಿಟ್ಟು ಉಳಿಯುವ ಅಂಶ) ಮೇಲೆ ನಿಲ್ಲುವುದರಿಂದ, ರಸಮೇವು ತಿಂದ ಹಸುಗಳ ಹಾಲಿನ ಅಂಕಿಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಮುಂದಿನ ಬಿತ್ತನೆಯನ್ನು ಇಪ್ಪತ್ತು ದಿನಗಳ ಅಂತರದಲ್ಲಿ ಎರಡು ಕಂತು ಮಾಡಲಾಗಿದೆ. ಟೊಮೆಟೊ ದರ ಏರಿದ್ದರಿಂದ ಇಬ್ಬರು ಬೆಳೆಗಾರರು ಹಿಂದೆ ಸರಿದಿದ್ದಾರೆ. ಅವರ ಬದಲಿಗೆ ಭಾನುವಾರದೊಳಗೆ ಒಂದೂವರೆ ಎಕರೆ ಹುಡುಕಬೇಕಾಗಿದೆ.